ಬೆಕ್ಕು ಕುಂಟುತ್ತಿದ್ದರೆ ಮೊದಲು ಏನು ಮಾಡಬೇಕು?

ಗಾಬರಿಯಲ್ಲಿ ಹಿಡಿದು ಕಾಲು ಎಳೆಯಬೇಡಿ. ನಡೆಯಲು ಬಿಟ್ಟು ಯಾವ ಕಾಲು ಅಂತ ನೋಡಿ, ಆಮೇಲೆ ಟವೆಲಿನಲ್ಲಿ ಸುತ್ತಿ ಪಾದದಿಂದ ಮೇಲಕ್ಕೆ ನಿಧಾನವಾಗಿ ಮುಟ್ಟುತ್ತಾ ಬನ್ನಿ. ಚಿಕ್ಕಮಗಳೂರಿನ ಕಡೆ ಕಾಫಿ ತೋಟದಲ್ಲಿ ಅಲೆಯುವ ಬೆಕ್ಕಾದರೆ ಬೆರಳ ಸಂದಿಯಲ್ಲಿ ಮುಳ್ಳು ಇರಬಹುದು, ಉಗುರು ಮುರಿದಿರಬಹುದು, ಇಲ್ಲವೇ ಬೇರೆ ಬೆಕ್ಕು ಕಚ್ಚಿದ ಜಾಗ ಒಳಗೇ ಕೀವು ತುಂಬಿ ಬಿಸಿಯಾಗಿ ಊದಿರಬಹುದು. ಕಚ್ಚಿದ ಗಾಯ ಮೇಲೆ ಸಣ್ಣ ಚುಕ್ಕಿಯಷ್ಟೇ ಕಾಣುತ್ತೆ, ಅದಕ್ಕೇ ಕೂದಲು ಸರಿಸಿ ನೋಡಿ. ಊತ ಇದ್ದರೆ, ಕಾಲು ಊರಲೇ ಆಗದಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

ಹಿಂಗಾಲು ತಣ್ಣಗಾಗಿ, ಎಳೆದುಕೊಂಡು ಕೂಗುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ರಟ್ಟಿನ ಡಬ್ಬದಲ್ಲಿ ಮಲಗಿಸಿ ತಕ್ಷಣ ಪಶು ಆಸ್ಪತ್ರೆಗೆ ಓಡಿ. ಸುಮ್ನೆ ಸ್ವಲ್ಪ ಕುಂಟುತ್ತಾ ಚೆನ್ನಾಗಿ ತಿನ್ನುತ್ತಿದ್ದರೆ 24 ಗಂಟೆ ಕೋಣೆಯೊಳಗೇ ಇಟ್ಟುಕೊಳ್ಳಿ, ಕಡಿಮೆಯಾಗದಿದ್ದರೆ ತೋರಿಸಿ.