ಜಾಮ್ ಬಾಟಲಿಯಲ್ಲಿ ವಿದ್ಯುದ್ದರ್ಶಕ

ವಸ್ತುಗಳನ್ನು ಉಜ್ಜಿದಾಗ ಅವುಗಳ ಮೇಲೆ ನಿಲ್ಲುವ ವಿದ್ಯುತ್ತನ್ನು, ಅಂದರೆ ಆವೇಶವನ್ನು, ತೋರಿಸಿಕೊಡುವ ಸಾಧನವೇ ವಿದ್ಯುದ್ದರ್ಶಕ. ಇಂಥ ಸ್ಥಿರ ವಿದ್ಯುತ್ತಿನ ಪ್ರಯೋಗ ಕೈಕೊಡುವುದು ಹೆಚ್ಚಾಗಿ ತೇವದಿಂದ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫೆಬ್ರವರಿ, ಮಾರ್ಚ್‌ನ ಒಣ ಮಧ್ಯಾಹ್ನ ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ಮಳೆಗಾಲದಲ್ಲಿ ವಸ್ತುಗಳ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂತು ಆವೇಶವೆಲ್ಲ ಸೋರಿಹೋಗುತ್ತದೆ.

ಗಾಜಿನ ಬಾಟಲಿಯೊಂದನ್ನು ತೊಳೆದು ಎರಡು ಗಂಟೆ ಬಿಸಿಲಿಗಿಡಿ. ಮುಚ್ಚಳ ಪ್ಲಾಸ್ಟಿಕ್ಕಿನದೇ ಇರಲಿ, ತಗಡಿನದು ಬೇಡ. ಮನೆ ವೈರಿಂಗ್‌ನಲ್ಲಿ ಉಳಿದ, ಒಂದೇ ಎಳೆಯ ಗಟ್ಟಿ ತಾಮ್ರದ ವೈರನ್ನು 15 ಸೆಂ.ಮೀ. ಕತ್ತರಿಸಿ, ಎರಡೂ ತುದಿಯಲ್ಲಿ 3 ಸೆಂ.ಮೀ. ಪ್ಲಾಸ್ಟಿಕ್ ಸುಲಿಯಿರಿ. ಮುಚ್ಚಳದ ನಡುವೆ ತೂತು ಮಾಡಿ ತೂರಿಸಿ. ಕೆಳತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, 4 ಸೆಂ.ಮೀ. ಉದ್ದ, ಅರ್ಧ ಸೆಂ.ಮೀ. ಅಗಲದ ಎರಡು ಅಲ್ಯೂಮಿನಿಯಂ ಫಾಯಿಲ್ ಪಟ್ಟಿಗಳನ್ನು ಒಂದಕ್ಕೊಂದು ತಾಗುವಂತೆ ತೂಗುಹಾಕಿ. ಪಟ್ಟಿಯ ತೂತು ಸಡಿಲವಿರಲಿ, ಬಿಗಿಯಾದರೆ ಅಲುಗುವುದಿಲ್ಲ. ಮೇಲ್ತುದಿಗೆ ಫಾಯಿಲ್ಲನ್ನು ಉಂಡೆ ಕಟ್ಟಿ ಸಿಕ್ಕಿಸಿ. ಚೂಪು ತುದಿಯಿಂದ ಆವೇಶ ಗಾಳಿಗೆ ಸೋರುತ್ತದೆ, ಆದ್ದರಿಂದ ಉಂಡೆಯನ್ನು ಅಂಗೈಯಲ್ಲಿ ಉರುಳಿಸಿ ನುಣುಪು ಮಾಡಿ.

ಅರ್ಧ ಇಂಚಿನ ಪಿವಿಸಿ ಪೈಪಿನ ಒಂದಡಿ ತುಂಡನ್ನು ಉಣ್ಣೆಯ ಕಂಬಳಿಯಲ್ಲಿ ರಭಸದಿಂದ ಉಜ್ಜಿ ಉಂಡೆಯ ಹತ್ತಿರ ತನ್ನಿ. ಮುಟ್ಟಿಸದೆಯೇ ಪಟ್ಟಿಗಳು ಬಿರಿಯುತ್ತವೆ, ಪೈಪ್ ಸರಿಸಿದರೆ ಕೂಡಿಕೊಳ್ಳುತ್ತವೆ. ಪೈಪಿನ ಋಣ ಆವೇಶ ಉಂಡೆಯ ಎಲೆಕ್ಟ್ರಾನುಗಳನ್ನು ಕೆಳಕ್ಕೆ ತಳ್ಳುವುದೇ ಕಾರಣ: ಎರಡೂ ಪಟ್ಟಿಗಳಲ್ಲಿ ಒಂದೇ ಬಗೆಯ ಆವೇಶ ಸೇರಿ ಅವು ಒಂದನ್ನೊಂದು ದೂಡುತ್ತವೆ. ಪೈಪನ್ನು ಉಂಡೆಗೆ ಉದ್ದಕ್ಕೂ ಸವರಿದರೆ ತೆಗೆದ ಮೇಲೂ ಪಟ್ಟಿಗಳು ಬಿರಿದೇ ಇರುತ್ತವೆ. ಕೆಲವೇ ಸೆಕೆಂಡಿನಲ್ಲಿ ಮುಚ್ಚಿಕೊಂಡರೆ ಮುಚ್ಚಳದ ಮೇಲೆ ಬೆವರಿನ ಗುರುತಿದೆ ಎಂದು ತಿಳಿಯಿರಿ. ಒರೆಸಿ ಮತ್ತೆ ಬಿಸಿಲಿಗಿಡಿ.

ನಮಗೆ ಅತಿ ಸೊಗಸೆನಿಸುವುದು ಮುಂದಿನ ಆಟ. ಉಂಡೆಯನ್ನು ಒಮ್ಮೆ ಮುಟ್ಟಿ ಹಳೆಯ ಆವೇಶ ಕಳೆಯಿರಿ. ಉಜ್ಜಿದ ಪೈಪನ್ನು ಹತ್ತಿರ ಹಿಡಿದಿದ್ದಂತೆ ಬೆರಳಿನಿಂದ ಉಂಡೆ ಮುಟ್ಟಿ. ಮೊದಲು ಬೆರಳು, ಆಮೇಲೆ ಪೈಪ್ ತೆಗೆಯಿರಿ. ಕ್ರಮ ತಪ್ಪಿದರೆ ಏನೂ ಉಳಿಯದು. ಸರಿಯಾದರೆ ಎಲೆಕ್ಟ್ರಾನುಗಳು ಬೆರಳಿನ ಮೂಲಕ ಹೊರಹೋಗಿ ಪಟ್ಟಿಗಳಲ್ಲಿ ಧನ ಆವೇಶ ನಿಲ್ಲುತ್ತದೆ. ಈಗ ಪೈಪನ್ನು ಮೆಲ್ಲಗೆ ಹತ್ತಿರ ತಂದರೆ ಪಟ್ಟಿಗಳು ಕುಗ್ಗುತ್ತವೆ. ರೇಷ್ಮೆಯಲ್ಲಿ ಉಜ್ಜಿದ ಗಾಜಿನ ಲೋಟ ತಂದರೆ ಇನ್ನಷ್ಟು ಬಿರಿಯುತ್ತವೆ, ಅದರದೂ ಧನವೇ.

ಲೋಟ ಬೆಚ್ಚಗೆ ಒಣಗಿರಬೇಕು, ಗಾಜು ತೇವವನ್ನು ಬಹಳ ಬೇಗ ಹಿಡಿಯುತ್ತದೆ. ರೇಷ್ಮೆಗೆ ಶಿಡ್ಲಘಟ್ಟದ ಸೀಮೆಯಲ್ಲಿ ಬರವಿಲ್ಲ, ಆದರೆ ಜರಿಯಿಲ್ಲದ ಭಾಗವನ್ನೇ ಆರಿಸಿ. ಜರಿಯ ಲೋಹದ ಎಳೆ ಆವೇಶವನ್ನು ಕೈಗೆ ಹರಿಸಿಬಿಡುತ್ತದೆ. ಅಸಲಿಯೋ ಎಂಬ ಅನುಮಾನವಿದ್ದರೆ ದೊಡ್ಡವರು ಒಂದು ಎಳೆ ಸುಟ್ಟು ನೋಡಲಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.