ನಿಮ್ಮ ಕಂಪ್ಯೂಟರ್ ಆ 16 ಎಂಬಿ ಜಾಗವನ್ನು ಯಾರಿಗಾಗಿ ಎತ್ತಿಟ್ಟಿದೆ?

ನಮ್ಮ ಅಡುಗೆಮನೆಯಲ್ಲಿ ಮೂರು ಶೆಲ್ಫ್ ಇವೆ. ಅಜ್ಜಿಗೆ ಕೈ ಎಟುಕುವುದು ಕೆಳಗಿನದಕ್ಕೆ ಮಾತ್ರ. ಅದಕ್ಕೇ ಸಾಸಿವೆ, ಅರಿಸಿನ, ಉಪ್ಪು ಎಲ್ಲ ಅಲ್ಲೇ ಇರುತ್ತವೆ. ಎತ್ತರ ಇರುವವರು ತಮ್ಮ ಸಾಮಾನನ್ನು ಮೇಲೆ ಇಡಬೇಕು. ಮೇಲೆ ಜಾಗ ಇದ್ದರೂ ಕೆಳಗೇ ತುರುಕಿಬಿಟ್ಟರೆ ಅಜ್ಜಿಗೆ ಬೇಕಾದಾಗ ಜಾಗ ಇರುವುದಿಲ್ಲ, ಅಲ್ವಾ?

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ರ‍್ಯಾಮ್ ಹಂಚುವುದೂ ಇದೇ ಲೆಕ್ಕದಲ್ಲಿ. ಈ ಶೆಲ್ಫ್‌ಗಳಿಗೆ ಅಲ್ಲಿ ಝೋನ್ ಅಂತ ಹೆಸರು. ಲಿನಕ್ಸ್ ಹಾಕಿರುವ ಲ್ಯಾಪ್‌ಟಾಪ್ ನಿಮ್ಮ ಬಳಿ ಇದ್ದರೆ ಹತ್ತು ನಿಮಿಷದಲ್ಲಿ ಇದನ್ನು ಕಣ್ಣಾರೆ ನೋಡಬಹುದು.

ಮೊದಲು ತಂತಿ ಎಣಿಸಿ

ಡಿಸ್ಕ್, ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಇವೆಲ್ಲ ಪ್ರತಿ ಬೈಟಿಗೂ ಪ್ರೊಸೆಸರ್ ಅನ್ನು ಕಾಯುವುದಿಲ್ಲ. ನೇರವಾಗಿ ರ‍್ಯಾಮ್‌ಗೆ ಬರೆಯುತ್ತವೆ, ಅಲ್ಲಿಂದಲೇ ಓದುತ್ತವೆ. ಇದೇ ಡಿಎಂಎ. ಆದರೆ ಸಾಧನ ಎಷ್ಟು ದೂರ ತಲುಪಬಲ್ಲದು ಅನ್ನುವುದು ಅದು ಎಷ್ಟು ಬಿಟ್‌ನ ವಿಳಾಸ ಹೇಳಬಲ್ಲದು ಅನ್ನುವುದರ ಮೇಲೆ ನಿಂತಿದೆ.

1984ರಲ್ಲಿ ಬಂದ ಐಬಿಎಂ ಪಿಸಿ ಎಟಿಯಲ್ಲಿ ವಿಳಾಸಕ್ಕೆ 24 ತಂತಿಗಳಿದ್ದವು. ಎರಡನ್ನು 24 ಸಲ ಗುಣಿಸಿ ನೋಡಿ: 1,67,77,216 ಬೈಟ್, ಅಂದರೆ 16 ಎಂಬಿ. ಆ ಕಾಲದಲ್ಲಿ ಕಂಪ್ಯೂಟರ್‌ಗೆ ಸಿಕ್ಕಿಸುತ್ತಿದ್ದ ಐಎಸ್‌ಎ ಕಾರ್ಡ್‌ಗಳಿಗೆ ಅದರಾಚೆ ಕೈ ಎಟುಕುವುದಿಲ್ಲ. ಆಮೇಲೆ ಬಂದ 32 ಬಿಟ್‌ನ ಪಿಸಿಐ ಸಾಧನಗಳು 4 ಜಿಬಿವರೆಗೆ ತಲುಪುತ್ತವೆ. ಎಟುಕದ ವಿಳಾಸ ಕೊಟ್ಟರೆ ಏನಾಗುತ್ತದೆ? ಮೇಲಿನ ಬಿಟ್‌ಗಳು ಉದುರಿಹೋಗುತ್ತವೆ. ಸಾಧನ ಬೇರೆ ಯಾರದೋ ಜಾಗದಲ್ಲಿ ಬರೆದುಬಿಡುತ್ತದೆ. ಇದಕ್ಕಿಂತ ಕೆಟ್ಟ ದೋಷ ಹುಡುಕುವುದು ಕಷ್ಟ. ಯಾಕೆಂದರೆ ಹಾಳಾಗುವುದು ಒಂದು ಕಡೆ, ಯಂತ್ರ ನಿಲ್ಲುವುದು ಇನ್ನೊಂದು ಕಡೆ.

ಗಡಿ ಎಲ್ಲಿದೆ ನೋಡಿ

ಟರ್ಮಿನಲ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಸುಡೊ ಡಿಮೆಸ್ಗ್ (sudo dmesg)’ ಎಂದು ಟೈಪ್ ಮಾಡಿ. ಯಂತ್ರ ಶುರುವಾದಾಗಿನ ಸಂದೇಶಗಳು ಬರುತ್ತವೆ. ಅದರಲ್ಲಿ ‘ಝೋನ್ ರೇಂಜಸ್ (Zone ranges)’ ಅನ್ನುವ ಸಾಲು ಹುಡುಕಿ. ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್ ಆದರೆ ಅದರ ಕೆಳಗೆ ಡಿಎಂಎ, ಡಿಎಂಎ32, ನಾರ್ಮಲ್ ಎಂಬ ಹೆಸರುಗಳು ಕಾಣುತ್ತವೆ. ಡಿಎಂಎ 16 ಎಂಬಿಗೆ ಮುಗಿಯುತ್ತದೆ. ಡಿಎಂಎ32 ಅಲ್ಲಿಂದ 4 ಜಿಬಿವರೆಗೆ. ಅದರ ಮೇಲಿನದ್ದು ನಾರ್ಮಲ್. ‘ಎಂಪ್ಟಿ’ ಅಂತ ಇರುವ ಸಾಲನ್ನು ಸದ್ಯಕ್ಕೆ ಬಿಟ್ಟುಬಿಡಿ.

3,840ರ ಲೆಕ್ಕ

ಈಗ ‘ಪ್ರೊಕ್’ ಫೋಲ್ಡರ್‌ನಲ್ಲಿರುವ ‘ಝೋನ್‌ಇನ್ಫೊ’ ಕಡತ (/proc/zoneinfo) ತೆರೆಯಿರಿ. ಇಲ್ಲಿ ಎಲ್ಲವನ್ನೂ ಪುಟಗಳಲ್ಲಿ ಎಣಿಸಿರುತ್ತಾರೆ. ಒಂದು ಪುಟ ಅಂದರೆ 4 ಕೆಬಿ. ನನ್ನ 8 ಜಿಬಿ ಲ್ಯಾಪ್‌ಟಾಪ್‌ನ ಡಿಎಂಎ ಝೋನ್‌ನಲ್ಲಿ ಮೂರು ಅಂಕಿಗಳಿವೆ: ಸ್ಪ್ಯಾನ್ಡ್ 4095, ಪ್ರೆಸೆಂಟ್ 3997, ಮ್ಯಾನೇಜ್ಡ್ 3840. ನಿಮ್ಮದರಲ್ಲಿ ಸ್ವಲ್ಪ ಆಚೀಚೆ ಇರಬಹುದು.

ಒಂದೊಂದಾಗಿ ಬಿಡಿಸೋಣ. 16 ಎಂಬಿಗೆ 4096 ಪುಟ. ಸೊನ್ನೆಯನೇ ಪುಟವನ್ನು ಬಿಟ್ಟರೆ 4095. ಹಳೆಯ ಪಿಸಿಯ ಕಾಲದಿಂದಲೂ 640 ಕೆಬಿಯಿಂದ 1 ಎಂಬಿವರೆಗಿನ ಜಾಗ ಡಿಸ್‌ಪ್ಲೇಗೆ, ಬಯೋಸ್‌ಗೆ (ಯಂತ್ರವನ್ನು ಶುರುಮಾಡುವ ತಂತ್ರಾಂಶ) ಮೀಸಲು. ಅದು 96 ಪುಟ. ಜೊತೆಗೆ ಫರ್ಮ್‌ವೇರ್‌ಗೆ ಎರಡು ಪುಟ ಹೋದರೆ ಉಳಿಯುವುದು 3997. ಹಾಗಾದರೆ 3840 ಎಲ್ಲಿಂದ ಬಂತು? ಕೆಲವು ಬಯೋಸ್‌ಗಳು ಮೊದಲ 1 ಎಂಬಿಯೊಳಗೆ ಹೇಳದೆ ಕೇಳದೆ ಗೀಚುತ್ತವೆ. ಅದರ ಸಹವಾಸವೇ ಬೇಡ ಅಂತ 2021ರಲ್ಲಿ ಕರ್ನಲ್‌ನವರು ಆ 1 ಎಂಬಿಯನ್ನು ಪೂರ್ತಿ ಬದಿಗಿಟ್ಟರು. ಹೋದದ್ದು 256 ಪುಟ, ಉಳಿದದ್ದು 3840. ಅಂದರೆ ಕೈಯಲ್ಲಿರುವುದು ಸರಿಯಾಗಿ 15 ಎಂಬಿ.

ಅದೇ ಕಡತದಲ್ಲಿ ‘ಪ್ರೊಟೆಕ್ಷನ್’ ಎಂಬ ಸಾಲಿದೆ. ನನಗೆ ತುಂಬ ಇಷ್ಟವಾದ ಸಾಲು ಇದು. ಸಾಮಾನ್ಯ ಪ್ರೋಗ್ರಾಂ ಜಾಗ ಕೇಳಿದಾಗ ಕರ್ನಲ್ ಮೊದಲು ನಾರ್ಮಲ್‌ನಲ್ಲಿ ನೋಡುತ್ತದೆ. ಅಲ್ಲಿ ಇಲ್ಲದಿದ್ದರೆ ಡಿಎಂಎ32, ಕೊನೆಗೆ ಡಿಎಂಎ. ಯಾವಾಗಲೂ ಕೆಳಗಿಳಿಯುತ್ತದೆ, ಮೇಲೆ ಹತ್ತುವುದಿಲ್ಲ. ಆದರೆ ಹಾಗೆ ಇಳಿದು ಬಂದವರಿಗೆ ಒಂದು ಷರತ್ತು ಇದೆ. ಮೇಲಿನ ಝೋನ್‌ಗಳ ಒಟ್ಟು ಪುಟಗಳನ್ನು 256ರಿಂದ ಭಾಗಿಸಿ. ಕೆಳಗೆ ಅದಕ್ಕಿಂತ ಜಾಸ್ತಿ ಪುಟ ಖಾಲಿ ಇದ್ದರೆ ಮಾತ್ರ ಕೊಡುವುದು. 8 ಜಿಬಿ ಯಂತ್ರದಲ್ಲಿ ಈ ಮಿತಿ ಸುಮಾರು 7,700 ಪುಟಕ್ಕೆ ಬರುತ್ತದೆ. ಡಿಎಂಎ ಝೋನ್‌ನಲ್ಲಿ ಇರುವುದೇ 3840! ಹಾಗಾಗಿ ಬ್ರೌಸರ್‌ನಲ್ಲಿ ನೀವು ನೂರು ಟ್ಯಾಬ್ ತೆರೆದರೂ ಅದು ಆ ಶೆಲ್ಫ್ ಮುಟ್ಟಲು ಆಗುವುದಿಲ್ಲ.

ಖಾಲಿ ಶೆಲ್ಫ್ ನೋಡಿ

ಪಕ್ಕದಲ್ಲೇ ‘ಬಡಿಇನ್ಫೊ’ ಕಡತ (/proc/buddyinfo) ಇದೆ. ಪ್ರತಿ ಝೋನ್‌ಗೆ ಹನ್ನೊಂದು ಅಂಕಿ. ಮೊದಲನೆಯದು ಒಂಟಿ 4 ಕೆಬಿ ತುಂಡುಗಳು ಎಷ್ಟು ಖಾಲಿ ಇವೆ ಅನ್ನುತ್ತದೆ. ಮುಂದಿನದು 8 ಕೆಬಿ, ಹೀಗೆ ದುಪ್ಪಟ್ಟಾಗುತ್ತ ಕೊನೆಯದು 4 ಎಂಬಿ. ಸಾಧನಗಳಿಗೆ ಅನೇಕ ಸಲ ಒಂದಕ್ಕೊಂದು ಅಂಟಿಕೊಂಡ ಪುಟಗಳೇ ಬೇಕು. ಅದಕ್ಕೆ ಬಲಗಡೆಯ ಅಂಕಿಗಳು ಮುಖ್ಯ.

ನನ್ನ ಯಂತ್ರದಲ್ಲಿ ಡಿಎಂಎ ಸಾಲಿನ ಕೊನೆಯ ಮೂರು ಅಂಕಿ 1, 1, 3. ಉಳಿದವೆಲ್ಲ ಸೊನ್ನೆ. 1 ಎಂಬಿಯದು ಒಂದು, 2 ಎಂಬಿಯದು ಒಂದು, 4 ಎಂಬಿಯವು ಮೂರು. ಕೂಡಿಸಿ: 15 ಎಂಬಿ. ಒಂದು ಪುಟವನ್ನೂ ಯಾರೂ ಬಳಸಿಲ್ಲ.

ಐಎಸ್‌ಎ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಇದು ಸುಮ್ನೆ ದಂಡ ಅನಿಸಬಹುದು. ಬೇಡ ಅನ್ನುವವರು ಕರ್ನಲ್ ಕಟ್ಟುವಾಗ ಈ ಝೋನ್ ತೆಗೆಯಲೂಬಹುದು. ಆದರೆ ಇದು ಬರೀ ಹಳೆಯ ಕಾಲದ ಕಥೆ ಅಲ್ಲ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್‌ನ ಕೆಲವು ಭಾಗಗಳಿಗೆ ಮೊದಲ 1 ಜಿಬಿ ಮಾತ್ರ ಎಟುಕುತ್ತದೆ, ಬೋರ್ಡ್‌ನಲ್ಲಿ 4 ಜಿಬಿ ಇದ್ದರೂ. ಅದಕ್ಕಾಗಿ 64 ಬಿಟ್ ಆರ್ಮ್ ಪ್ರೊಸೆಸರ್‌ಗಳ ಕರ್ನಲ್‌ನಲ್ಲಿ ಹೊಸದಾಗಿ 1 ಜಿಬಿಯ ಡಿಎಂಎ ಝೋನ್ ಮಾಡಬೇಕಾಯಿತು.

ಮೇಲಿನದು ಬೇಕಾದರೆ

ಅಜ್ಜಿಗೆ ಮೇಲಿನ ಶೆಲ್ಫ್‌ನ ಡಬ್ಬ ಬೇಕಾದರೆ ಎರಡು ದಾರಿ. ಯಾರಾದರೂ ಇಳಿಸಿ ಕೆಳಗೆ ಇಡಬೇಕು. ಕರ್ನಲ್‌ನಲ್ಲಿ ಈ ಕೆಲಸಕ್ಕೆ ಎಸ್‌ಡಬ್ಲ್ಯುಐಒಟಿಎಲ್‌ಬಿ ಇದೆ. ಮಾಮೂಲಾಗಿ 64 ಎಂಬಿ ಇಟ್ಟುಕೊಂಡು ಡೇಟಾವನ್ನು ನಕಲು ಮಾಡಿ ಕೊಡುತ್ತದೆ. ನಕಲಿಗೆ ಸಮಯ ಹೋಗುತ್ತದೆ. ಇನ್ನೊಂದು ದಾರಿ ಸ್ಟೂಲ್ ಕೊಡುವುದು. ಅದು ಐಒಎಂಎಂಯು. ಸಾಧನ ಹೇಳುವ ಚಿಕ್ಕ ವಿಳಾಸವನ್ನು ಈ ಯಂತ್ರಾಂಶ ಎತ್ತರದ ವಿಳಾಸಕ್ಕೆ ತಿರುಗಿಸುತ್ತದೆ, ನಕಲು ಬೇಕಿಲ್ಲ.

ಡ್ರೈವರ್ ಬರೆಯುವವರಿಗೆ

ಸಾಧನವನ್ನು ನಡೆಸುವ ಡ್ರೈವರ್‌ನಲ್ಲಿ ಡಿಎಂಎ ಮಾಡಬೇಕು ಅಂದಕೂಡಲೇ ‘ಜಿಎಫ್‌ಪಿ ಡಿಎಂಎ’ ಎಂದು ಕೇಳುವ ಅಭ್ಯಾಸ ದಯವಿಟ್ಟು ಬಿಡಿ. ಹೆಸರು ಹಾಗಿದ್ದರೂ ಅದರ ಅರ್ಥ ‘ಆ 15 ಎಂಬಿಯಿಂದಲೇ ಕೊಡು’ ಅಂತ. 64 ಬಿಟ್ ತಲುಪುವ ಕಾರ್ಡಿಗೆ ಅದನ್ನು ಕೊಡಿಸುವುದು ಅಜ್ಜಿಯ ಜಾಗ ಕಿತ್ತುಕೊಂಡ ಹಾಗೆ. ನಿಮ್ಮ ಸಾಧನ ಎಷ್ಟು ಬಿಟ್ ತಲುಪುತ್ತದೆ ಅನ್ನುವುದನ್ನು ಡಿಎಂಎ ಮಾಸ್ಕ್ ಮೂಲಕ ಕರ್ನಲ್‌ಗೆ ಹೇಳಿ. ಅದು ಒಪ್ಪಿತೋ ಇಲ್ಲವೋ ಉತ್ತರ ನೋಡಿ. ಆಮೇಲೆ ಬಫರ್ ಮ್ಯಾಪ್ ಮಾಡಿ, ದೋಷ ಬಂತಾ ಅಂತ ಪರೀಕ್ಷಿಸಿ, ಕೆಲಸ ಮುಗಿದ ಮೇಲೆ ಅನ್‌ಮ್ಯಾಪ್ ಮಾಡಿ. ಯಾವ ಝೋನ್, ನಕಲು ಬೇಕಾ, ಸ್ಟೂಲ್ ಇದೆಯಾ ಎಲ್ಲ ಕರ್ನಲ್ ನೋಡಿಕೊಳ್ಳುತ್ತದೆ.

ಡ್ರೈವರ್ ಓಡುತ್ತಿರುವಾಗ ಬಡಿಇನ್ಫೊ ಮತ್ತೊಮ್ಮೆ ತೆರೆಯಿರಿ. ಡಿಎಂಎ ಸಾಲಿನಲ್ಲಿ ಮೊದಲಿನ ಹಾಗೇ 1, 1, 3 ಇದ್ದರೆ ನಿಮ್ಮ ಕೋಡ್ ಅಜ್ಜಿಯ ಶೆಲ್ಫ್‌ಗೆ ಕೈ ಹಾಕಿಲ್ಲ.