ಬೆರಳಿಗೆ ಜೋಮು ಹಿಡಿಸಿದ ಹ್ಯಾಂಡಲ್

ಹಿರಿಯೂರಿನ ಹತ್ತಿರ ಟೀ ಕುಡಿಯೋಣ ಅಂತ ನಿಲ್ಲಿಸಿದೆ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚೋಕೆ ಆಗಲಿಲ್ಲ. ಬಲಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಜೋಮು ಹಿಡಿದಿದ್ದವು. ಬೆಂಗಳೂರಿನಿಂದ ಬಂದಿದ್ದು ಬರೀ 160 ಕಿ.ಮೀ.

ನನ್ನದು ನಾಲ್ಕು ಸಿಲಿಂಡರ್ ಸಾಲಾಗಿ ಇರುವ 650 ಸಿಸಿ ಬೈಕು. ಬೆಣ್ಣೆ ಥರ ಓಡುತ್ತೆ ಅಂತ ಎಲ್ಲರೂ ಹೇಳಿದ್ದಕ್ಕೇ ಕೊಂಡಿದ್ದೆ. ಹಳೇ ಸಿಂಗಲ್ ಸಿಲಿಂಡರ್ ಗಾಡಿ ಮೈಯೆಲ್ಲ ಕುಲುಕಿಸುತ್ತಿತ್ತು, ನಿಜ. ಆದರೆ ಬೆರಳು ಹೀಗೆ ಸತ್ತಿರಲಿಲ್ಲ. ಇದು ಗಡ್ಡದ ಟ್ರಿಮ್ಮರ್ ಹಿಡಿದ ಹಾಗೆ ಗುಂಯ್ ಅನ್ನುವ ಸಣ್ಣ ನಡುಕ.

ಮೊದಲು ಚೈನ್ ಮೇಲೆ ಅನುಮಾನ ಬಂತು. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಮೆಲ್ಲಗೆ ಥ್ರಾಟಲ್ ಕೊಟ್ಟು ನೋಡಿದೆ. 4,500 ಆರ್‌ಪಿಎಂಗೆ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ನಡುಕ ಶುರು, 5,200 ದಾಟಿದರೆ ಕಡಿಮೆ. ಚಕ್ರವೇ ತಿರುಗುತ್ತಿಲ್ಲ, ಅಂದಮೇಲೆ ಇದು ಇಂಜಿನ್‌ದೇ ಅಲ್ವಾ?

ಈ ಥರದ ಇಂಜಿನ್‌ನಲ್ಲಿ ಎರಡು ಪಿಸ್ಟನ್ ಮೇಲೆ ಹೋದರೆ ಎರಡು ಕೆಳಗೆ ಬರುತ್ತವೆ. ಒಂದರ ಎಳೆತಕ್ಕೆ ಇನ್ನೊಂದು ಸರಿ ಹೋಗಬೇಕು. ಪೂರ್ತಿ ಹೋಗಲ್ಲ. ಪಿಸ್ಟನ್ನನ್ನು ಕ್ರ್ಯಾಂಕಿಗೆ (ಇಂಜಿನ್ ಒಳಗೆ ತಿರುಗುವ ಮುಖ್ಯ ದಂಡ) ಜೋಡಿಸುವ ಕನೆಕ್ಟಿಂಗ್ ರಾಡ್ ವಾಲುವುದರಿಂದ ಪಿಸ್ಟನ್ನು ಮೇಲಿನ ಅರ್ಧ ದಾರಿಯಲ್ಲಿ ಜಾಸ್ತಿ ವೇಗವಾಗಿ ಓಡುತ್ತೆ, ಕೆಳಗಿನ ಅರ್ಧದಲ್ಲಿ ನಿಧಾನ. ಆ ವ್ಯತ್ಯಾಸವೇ ಕ್ರ್ಯಾಂಕಿನ ಪ್ರತಿ ಸುತ್ತಿಗೆ ಎರಡು ಸಲ ನಡುಕವಾಗಿ ಬರುತ್ತೆ. 4,500ರಲ್ಲಿ ಲೆಕ್ಕ ಹಾಕಿ: ಸೆಕೆಂಡಿಗೆ 150 ಸಲ. ಇದಕ್ಕೆಂದೇ ಕೆಲವು ಇಂಜಿನ್‌ಗಳಲ್ಲಿ ಕ್ರ್ಯಾಂಕಿನ ದುಪ್ಪಟ್ಟು ವೇಗದಲ್ಲಿ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಇರುತ್ತೆ. 2009ರ ಯಮಹಾ ಆರ್1 ಬೈಕಿನಲ್ಲಂತೂ ಕ್ರ್ಯಾಂಕಿನಲ್ಲಿ ರಾಡುಗಳು ಸೇರುವ ಪಿನ್ನುಗಳನ್ನೇ 90 ಡಿಗ್ರಿ ಅಂತರಕ್ಕೆ ಕೂರಿಸಿದರು.

ನನಗೆ ಕ್ರ್ಯಾಂಕ್ ಬದಲಿಸುವ ಯೋಗವಿಲ್ಲ. ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ ಸಿಂಕ್ ಮಾಡಿಸಿದೆ, ಅಂದರೆ ನಾಲ್ಕೂ ಸಿಲಿಂಡರಿಗೆ ಗಾಳಿ ಸಮನಾಗಿ ಹೋಗುವ ಹಾಗೆ. ಗೇಜಿನ ನಾಲ್ಕು ಮುಳ್ಳಿನಲ್ಲಿ ಒಂದು ಕೆಳಗೆ ಕೂತಿತ್ತು. ಸ್ಕ್ರೂ ತಿರುಗಿಸಿ ಸಮ ಮಾಡಿದರು. ಐಡ್ಲಿಂಗ್ ನುಣುಪಾಯಿತು. 4,500ರ ಗುಂಯ್ ಮಾತ್ರ ಹಾಗೇ. ಇಂಜಿನ್ನನ್ನು ಫ್ರೇಮಿಗೆ ಬಿಗಿಯುವ ಮೌಂಟಿಂಗ್ ಬೋಲ್ಟುಗಳನ್ನು ಟಾರ್ಕ್ ರೆಂಚ್ ಹಿಡಿದು ನೋಡಿದರೆ ಮುಂದಿನದೊಂದು ಸಡಿಲ. ಬಿಗಿ ಮಾಡಿದ ಮೇಲೆ ಟ್ಯಾಂಕಿನ ನಡುಕ ಇಳಿಯಿತು, ಹ್ಯಾಂಡಲ್‌ದು ಇಳಿಯಲಿಲ್ಲ. ಜೆಲ್ ಗ್ಲೌಸ್ ದುಡ್ಡು ದಂಡ. ದಪ್ಪ ಜಾಸ್ತಿಯಾಗಿ ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದೆ.

ಒಂದು ಭಾನುವಾರ ಗೆಳೆಯ ಹ್ಯಾಂಡಲ್ಲಿನ ತುದಿಗಳನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದ. ನಾನು ಥ್ರಾಟಲ್ ಕೊಟ್ಟೆ. ನಡುಕ ಅರ್ಧಕ್ಕರ್ಧ ಮಾಯ! "ತುದೀಲಿದ್ದ ತೂಕ ಎಲ್ಲೋ?" ಅಂದ. ಆರು ತಿಂಗಳ ಹಿಂದೆ ಚೆಂದಕ್ಕೆಂದು ಹ್ಯಾಂಡಲ್ ತುದಿಗೆ ಹಗುರದ ಕೆಂಪು ಅಲ್ಯೂಮಿನಿಯಂ ಬಾರ್ ಎಂಡ್ ಹಾಕಿಸಿದ್ದು ನಾನೇ. ಕಂಪನಿಯ ಉಕ್ಕಿನ ಗುಂಡುಗಳು ಅಟ್ಟದ ಮೇಲೆ ಡಬ್ಬದಲ್ಲಿದ್ದವು.

ಅವನ್ನು ವಾಪಸ್ ಹಾಕದೆ, ಪೀಣ್ಯದ ಲೇತ್ ಅಂಗಡಿಯಲ್ಲಿ ಇನ್ನೂ ಉದ್ದದ್ದು ಮಾಡಿಸಿದೆ. ಒಂದೊಂದೂ 300 ಗ್ರಾಂ. ತೂಕ ಹಾಕಿದರೆ ನಡುಕ ಸಾಯುವುದಿಲ್ಲ, ಹ್ಯಾಂಡಲ್ ಹೆಚ್ಚು ನಡುಗುವ ಆರ್‌ಪಿಎಂ ಕೆಳಕ್ಕೆ ಸರಿಯುತ್ತೆ. ಈಗ ಅದು 3,600ರ ಆಸುಪಾಸು. ಹೈವೇಯಲ್ಲಿ ಅಲ್ಲಿ ನಿಲ್ಲುವುದೇ ಇಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸುಮ್ನೆ ಐದನೇ ಗೇರಿನಲ್ಲೇ ಇರುವ ಚಟವನ್ನೂ ಬಿಟ್ಟು ಆರಕ್ಕೆ ಹಾಕುತ್ತೇನೆ.

ಹುಬ್ಬಳ್ಳಿವರೆಗೂ ಹೋಗಿಬಂದೆ, ಬೆರಳು ಸರಿಯಿದ್ದವು. ಬಲಗಾಲಿನ ಫುಟ್‌ಪೆಗ್ ಮಾತ್ರ ಇನ್ನೂ ಗುಂಯ್ ಅನ್ನುತ್ತೆ. ಬಗ್ಗಿ ನೋಡಿದರೆ ಅದರ ರಬ್ಬರೇ ಇಲ್ಲ.